ವಿಕಲಚೇತನ ಯುವಜನರಿಗೆ ಬಿರುಸಿನ ಜಲವ್ಯಾಯಾಮ: ಏಕೆ, ಹೇಗೆ, ಎಲ್ಲಿ ಎಚ್ಚರ?

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳ ಮಕ್ಕಳು ಟವೆಲ್ ಹೆಗಲಿಗೇರಿಸಿಕೊಂಡು ಈಜುಕೊಳದ ಕಡೆ ಹೊರಡುತ್ತಾರೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಇದು ಹೊಸ ದೃಶ್ಯವೇನಲ್ಲ. ಆದರೆ ಅದೇ ಬೀದಿಯಲ್ಲಿರುವ, ಅದೇ ವಯಸ್ಸಿನ ವಿಕಲಚೇತನ ಹುಡುಗನೋ ಹುಡುಗಿಯೋ ಈ ಗುಂಪಿನಲ್ಲಿ ಕಾಣಿಸುವುದು ಅಪರೂಪ. ‘ಸುಸ್ತಾದರೆ ಏನು ಗತಿ?’ ಎಂಬ ಅಂಜಿಕೆ ಮನೆಯಲ್ಲಿ. ‘ಏನಾದರೂ ಆದರೆ ಯಾರು ಹೊಣೆ?’ ಎಂಬ ಅಳುಕು ಕೊಳದ ಬಾಗಿಲಿನಲ್ಲಿ. ಈ ಎರಡು ಪ್ರಶ್ನೆಗಳ ನಡುವೆ ಹದಿಹರೆಯದ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ.

ಈ ಅಂಜಿಕೆಯನ್ನು ಸಂಪೂರ್ಣ ತಳ್ಳಿಹಾಕುವಂತಿಲ್ಲ. ಕೆಲವು ಮಕ್ಕಳಿಗೆ ನೀರಿನಲ್ಲಿ ನಿಜವಾದ ಅಪಾಯಗಳಿವೆ. ಆದರೆ ಏದುಸಿರು ಬರುವಷ್ಟು ಶ್ರಮಪಡುವ ಅವಕಾಶವನ್ನೇ ಕೊಡದಿರುವುದೂ ಅಷ್ಟೇ ದೊಡ್ಡ ಅಪಾಯ ಎಂಬುದನ್ನು ವೈದ್ಯವಿಜ್ಞಾನ ಈಗ ಒಪ್ಪಿಕೊಂಡಿದೆ. ನೆಲದ ಮೇಲೆ ಬಿರುಸಾಗಿ ಓಡಲಾಗದ ದೇಹಕ್ಕೆ ಆ ಅವಕಾಶವನ್ನು ಒದಗಿಸಬಲ್ಲ ಜಾಗಗಳಲ್ಲಿ ಈಜುಕೊಳ ಪ್ರಮುಖವಾದುದು.

ಏನಿದು ಬಿರುಸಿನ ಜಲವ್ಯಾಯಾಮ?

ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಮೈಮುರಿದು ಶ್ರಮಿಸುವುದು, ನಂತರ ಸ್ವಲ್ಪ ಹೊತ್ತು ನಿಧಾನವಾಗಿ ಕೈಕಾಲಾಡಿಸಿ ಚೇತರಿಸಿಕೊಳ್ಳುವುದು, ಮತ್ತೆ ಅದನ್ನೇ ಪುನರಾವರ್ತಿಸುವುದು. ಇದನ್ನು ತೀವ್ರಗತಿಯ ಮಧ್ಯಂತರ ವ್ಯಾಯಾಮ ಎನ್ನುತ್ತಾರೆ. ಇದೇ ಕ್ರಮವನ್ನು ಸೊಂಟದಿಂದ ಎದೆಯ ಮಟ್ಟದ ನೀರಿನಲ್ಲಿ, ಅಥವಾ ತೇಲುಪಟ್ಟಿ ಕಟ್ಟಿಕೊಂಡು ಆಳದ ನೀರಿನಲ್ಲಿ ಮಾಡಿದರೆ ಅದು ಬಿರುಸಿನ ಜಲವ್ಯಾಯಾಮ. ಇದಕ್ಕೆ ಈಜು ಬರಲೇಬೇಕೆಂದಿಲ್ಲ. ನಿಂತಲ್ಲೇ ಓಡುವುದು, ಮೊಣಕಾಲು ಎತ್ತಿ ಜಿಗಿಯುವುದು, ಕೊಳದ ಅಂಚು ಹಿಡಿದು ಕಾಲು ಬಡಿಯುವುದು, ಕೈಗಳಿಂದ ನೀರನ್ನು ಬಲವಾಗಿ ತಳ್ಳುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಇದು ಜಲಚಿಕಿತ್ಸೆಗಿಂತ ಭಿನ್ನ. ಜಲಚಿಕಿತ್ಸೆಯಲ್ಲಿ ಬೆಚ್ಚಗಿನ ನೀರಿನಲ್ಲಿ ಕೀಲುಗಳನ್ನು ಸಡಿಲಗೊಳಿಸುವುದು, ನೋವು ತಗ್ಗಿಸುವುದು ಮುಖ್ಯ ಗುರಿ. ಬಿರುಸಿನ ವ್ಯಾಯಾಮದ ಗುರಿ ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳ ಶಕ್ತಿಯನ್ನು ಹೆಚ್ಚಿಸುವುದು.

ಹದಿಹರೆಯದಲ್ಲೇ ಏಕೆ?

ಅನೇಕ ಕುಟುಂಬಗಳಲ್ಲಿ ಫಿಸಿಯೋಥೆರಪಿ ಚಿಕ್ಕ ವಯಸ್ಸಿನಲ್ಲಿ ನಿಷ್ಠೆಯಿಂದ ನಡೆಯುತ್ತದೆ. ಮಗು ಹೈಸ್ಕೂಲು ಸೇರುವ ಹೊತ್ತಿಗೆ ಪಾಠ, ಪ್ರಯಾಣ, ಖರ್ಚುಗಳ ಒತ್ತಡದಲ್ಲಿ ಅದು ವಿರಳವಾಗುತ್ತದೆ. ದೇಹ ಎತ್ತರ, ತೂಕಗಳಲ್ಲಿ ವೇಗವಾಗಿ ಬೆಳೆಯುವುದು ಇದೇ ವಯಸ್ಸಿನಲ್ಲಿ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ, ವಿಶೇಷವಾಗಿ ಊರುಗೋಲು ಅಥವಾ ಗಾಲಿಕುರ್ಚಿ ಅವಲಂಬಿಸಿರುವವರಲ್ಲಿ, ಬಾಲ್ಯದಲ್ಲಿ ಗಳಿಸಿದ ಚಲನಶಕ್ತಿ ಹದಿಹರೆಯದಲ್ಲಿ ಕುಗ್ಗುವುದುಂಟು. ನಡೆಯಲು ಹೆಚ್ಚು ಶಕ್ತಿ ಬೇಕಾಗುವುದರಿಂದ ನಡಿಗೆ ಕಡಿಮೆಯಾಗುತ್ತದೆ. ನಡಿಗೆ ಕಡಿಮೆಯಾದಂತೆ ದೇಹದ ಶಕ್ತಿ ಇನ್ನಷ್ಟು ಕುಸಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ದೈಹಿಕ ಚಟುವಟಿಕೆಯ ಮಾರ್ಗಸೂಚಿಯಲ್ಲಿ ಮೊದಲ ಬಾರಿಗೆ ವಿಕಲಚೇತನರಿಗೆಂದೇ ಪ್ರತ್ಯೇಕ ಸಲಹೆಗಳನ್ನು ಸೇರಿಸಿತು. 5ರಿಂದ 17 ವರ್ಷದ ವಿಕಲಚೇತನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆಯಲ್ಲಿ ತೊಡಗಬೇಕು, ವಾರಕ್ಕೆ ಕನಿಷ್ಠ 3 ದಿನ ತೀವ್ರ ಮಟ್ಟದ ವ್ಯಾಯಾಮ ಇರಬೇಕು ಎಂಬುದು ಅದರ ಸಾರ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ, ಅಥವಾ 75ರಿಂದ 150 ನಿಮಿಷ ತೀವ್ರ ಮಟ್ಟದ ವ್ಯಾಯಾಮವನ್ನು ಸೂಚಿಸಲಾಗಿದೆ. ಇತರ ಮಕ್ಕಳಿಗೆ ಹೇಳಿದ ಪ್ರಮಾಣವೇ ಇವರಿಗೂ ಅನ್ವಯಿಸುತ್ತದೆ ಎಂಬುದು ಗಮನಾರ್ಹ. ಈ ಪ್ರಮಾಣ ತಲುಪಲಾಗದಿದ್ದರೂ ಸ್ವಲ್ಪ ಚಟುವಟಿಕೆ ಏನೂ ಇಲ್ಲದ್ದಕ್ಕಿಂತ ಮೇಲು ಎಂದೂ ಸಂಸ್ಥೆ ಹೇಳಿದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆ ಗಣತಿಯಲ್ಲಿ ಎಂಟು ಬಗೆಯ ವೈಕಲ್ಯಗಳನ್ನಷ್ಟೇ ಪರಿಗಣಿಸಲಾಗಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ.

ನೀರು ಮಾಡುವ ಕೆಲಸ

ನೀರಿಗಿಳಿದ ದೇಹದ ಭಾರವನ್ನು ನೀರೇ ಹೊರುತ್ತದೆ. ಸೊಂಟದ ಮಟ್ಟದಲ್ಲಿ ನಿಂತಾಗ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯ ಮಟ್ಟದಲ್ಲಿ ಮೂರರಲ್ಲೊಂದು ಪಾಲು, ಕತ್ತಿನವರೆಗೆ ಮುಳುಗಿದಾಗ ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. 50 ಕಿಲೋ ತೂಕದ ಹುಡುಗಿಯೊಬ್ಬಳು ಕತ್ತಿನ ಮಟ್ಟದ ನೀರಿನಲ್ಲಿ ಹೊರಬೇಕಾದ ಭಾರ 5 ಕಿಲೋ ಆಸುಪಾಸು. ನೆಲದ ಮೇಲೆ ಆಧಾರವಿಲ್ಲದೆ ನಿಲ್ಲಲಾಗದವರು ಕೆಲವರು ನೀರಿನಲ್ಲಿ ನಿಲ್ಲುವುದು, ಹೆಜ್ಜೆ ಹಾಕುವುದು ಇದೇ ಕಾರಣಕ್ಕೆ. ಬಿದ್ದರೂ ಮೂಳೆ ಮುರಿಯುವ ಭಯವಿಲ್ಲ.

ಭಾರ ಕಡಿಮೆಯಾದರೂ ಶ್ರಮ ಕಡಿಮೆಯಾಗುವುದಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಕೈಕಾಲುಗಳನ್ನು ಎರಡು ಪಟ್ಟು ವೇಗವಾಗಿ ಆಡಿಸಿದರೆ ನೀರು ಒಡ್ಡುವ ತಡೆ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ. ಹೀಗಾಗಿ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ‘ಭಾರ’ವನ್ನು ತಾವೇ ನಿರ್ಧರಿಸಿಕೊಳ್ಳಬಹುದು. ವೇಗ ಹೆಚ್ಚಿಸಿದರೆ ಶ್ರಮ ಹೆಚ್ಚು, ನಿಲ್ಲಿಸಿದ ಕ್ಷಣವೇ ತಡೆಯೂ ಇಲ್ಲ. ನೀರಿನ ಒತ್ತಡ ಎದೆಯ ಮೇಲೆ ಬೀಳುವುದರಿಂದ ಉಸಿರಾಟದ ಸ್ನಾಯುಗಳಿಗೂ ಕೆಲಸ ದೊರೆಯುತ್ತದೆ. ಆದರೆ ಮೊದಲೇ ಉಸಿರಾಟದ ಶಕ್ತಿ ತೀರಾ ಕಡಿಮೆ ಇರುವವರಿಗೆ ಇದೇ ಒತ್ತಡ ತೊಂದರೆಯಾಗಬಹುದು.

ತೀವ್ರ ವ್ಯಾಯಾಮದಿಂದ ಸ್ನಾಯುಗಳ ಬಿಗಿತ ಹೆಚ್ಚೀತು ಎಂಬ ಹಳೆಯ ನಂಬಿಕೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಬಹುಕಾಲ ಬಿರುಸಿನ ಚಟುವಟಿಕೆಯಿಂದ ದೂರ ಇಟ್ಟಿತ್ತು. ಇತ್ತೀಚಿನ ದಶಕಗಳ ಅಧ್ಯಯನಗಳು ಈ ನಂಬಿಕೆಯನ್ನು ಸಮರ್ಥಿಸಿಲ್ಲ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಟ್ರೆಡ್‌ಮಿಲ್ ಮೇಲೆ ಮಧ್ಯಂತರ ವ್ಯಾಯಾಮ ಮಾಡಿ ತಮ್ಮ ಆಮ್ಲಜನಕ ಬಳಕೆಯ ಸಾಮರ್ಥ್ಯವನ್ನು ಹೆಚ್ಚಿಸಿಕೊಂಡರು. ಅದು ನೆಲದ ಮೇಲಿನ ಪ್ರಯೋಗ. ಟ್ರೆಡ್‌ಮಿಲ್ ಮೇಲೆ ನಿಲ್ಲಲಾಗದವರಿಗೆ ಅದೇ ತತ್ವವನ್ನು ಕೊಳದಲ್ಲಿ ಅಳವಡಿಸಬಹುದು ಎಂಬುದು ಜಲವ್ಯಾಯಾಮದ ಹಿಂದಿನ ತರ್ಕ.

ಅರ್ಧ ಗಂಟೆಯ ಒಂದು ಪಾಠ

ಸಾಮಾನ್ಯವಾಗಿ ಒಂದು ಪಾಠ ಹೀಗಿರುತ್ತದೆ. ಮೊದಲ 8ರಿಂದ 10 ನಿಮಿಷ ನೀರಿನಲ್ಲಿ ನಡಿಗೆ, ಕೈ ತಿರುಗಿಸುವುದು, ಉಸಿರು ಬಿಟ್ಟು ಗುಳ್ಳೆ ಎಬ್ಬಿಸುವುದು. ನಂತರ 30 ಸೆಕೆಂಡು ಬಿರುಸಿನ ಚಲನೆ, 60 ಸೆಕೆಂಡು ನಿಧಾನದ ಚಲನೆ. ಇಂತಹ 8 ಸುತ್ತುಗಳಿಗೆ 12 ನಿಮಿಷ ಬೇಕು. ಕೊನೆಯ 8ರಿಂದ 10 ನಿಮಿಷ ತೇಲುವುದು, ಸ್ನಾಯುಗಳನ್ನು ಮೆಲ್ಲಗೆ ಚಾಚುವುದು. ಒಟ್ಟು ಅರ್ಧ ಗಂಟೆಯಲ್ಲಿ ನಿಜವಾಗಿ ಬಿರುಸಿನ ಶ್ರಮ ನಡೆಯುವುದು 4 ನಿಮಿಷ ಮಾತ್ರ.

ಹೊಸಬರು ಮೊದಲ ಎರಡು ಮೂರು ವಾರ ಬಿರುಸಿಗೆ ಕೈಹಾಕಬಾರದು. ನೀರಿನ ಭಯ ಹೋಗುವುದು, ಉಸಿರಿನ ಹಿಡಿತ ಬರುವುದು, ಮುಗ್ಗರಿಸಿದಾಗ ಮತ್ತೆ ನೇರವಾಗಿ ನಿಲ್ಲಲು ಕಲಿಯುವುದು ಮೊದಲು ಆಗಬೇಕು. ಬಳಿಕ 10 ಸೆಕೆಂಡಿನ ನಾಲ್ಕು ಸುತ್ತುಗಳಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುವುದು ಸುರಕ್ಷಿತ. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು. ನಡುವೆ ಒಂದೊಂದು ದಿನ ಬಿಡುವು ಇರಬೇಕು.

ಶ್ರಮ ಅಳೆಯುವುದು ಹೇಗೆ?

ನೆಲದ ಮೇಲೆ ಬಳಸುವ ನಾಡಿಮಿಡಿತದ ಲೆಕ್ಕವನ್ನು ನೀರಿನಲ್ಲಿ ಹಾಗೆಯೇ ಬಳಸುವಂತಿಲ್ಲ. ಎದೆಮಟ್ಟದ ನೀರಿನಲ್ಲಿ ಅದೇ ಶ್ರಮಕ್ಕೆ ನಾಡಿಮಿಡಿತ ನಿಮಿಷಕ್ಕೆ ಸುಮಾರು 10ರಿಂದ 15ರಷ್ಟು ಕಡಿಮೆ ಇರುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಗರಿಷ್ಠ ನಾಡಿಮಿಡಿತವೇ ಇತರರಿಗಿಂತ ಕಡಿಮೆ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ಎಷ್ಟೇ ಶ್ರಮಿಸಿದರೂ ಅದು ಒಂದು ಮಿತಿಯನ್ನು ದಾಟುವುದಿಲ್ಲ. ಇವರನ್ನು ಪುಸ್ತಕದ ಸಂಖ್ಯೆಗೆ ತಲುಪಿಸಲು ಹೊರಟರೆ ಅತಿಶ್ರಮವಾಗುತ್ತದೆ.

ಆದ್ದರಿಂದ ಮಾತಿನ ಪರೀಕ್ಷೆ ಹೆಚ್ಚು ಉಪಯುಕ್ತ. ಬಿರುಸಿನ ಸುತ್ತಿನ ಕೊನೆಯಲ್ಲಿ ಎರಡು ಮೂರು ಪದಗಳಿಗಿಂತ ಹೆಚ್ಚು ಹೇಳಲಾಗಬಾರದು. ಬಿಡುವಿನ ಸುತ್ತಿನ ಕೊನೆಗೆ ಪೂರ್ಣ ವಾಕ್ಯ ಹೇಳುವಂತಾಗಬೇಕು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ತನ್ನ ಶ್ರಮ ಎಷ್ಟೆಂದು ಹೇಳಲು ಕಲಿಸಬಹುದು. ಏಳು ಅಥವಾ ಎಂಟು ಎಂದರೆ ಬಿರುಸು. ಮಾತು ಬಾರದವರಿಗೆ ಮುಖಭಾವದ ಚಿತ್ರಗಳಿರುವ ಫಲಕ ಉಪಯೋಗಕ್ಕೆ ಬರುತ್ತದೆ.

ಯಾರಿಗೆ ಯಾವ ಎಚ್ಚರ?

ವ್ಯಾಯಾಮ ಆರಂಭಿಸುವ ಮೊದಲು ಮಗುವನ್ನು ಬಲ್ಲ ವೈದ್ಯರ ಸಲಹೆ ಅಗತ್ಯ. ಕೇಳಬೇಕಾದ ಪ್ರಶ್ನೆಗಳು ಮಾತ್ರ ವೈಕಲ್ಯದಿಂದ ವೈಕಲ್ಯಕ್ಕೆ ಬೇರೆ ಬೇರೆ.

ಡೌನ್ ಸಿಂಡ್ರೋಮ್: ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಹೃದಯ ತಪಾಸಣೆ ಕಡ್ಡಾಯ. ಕತ್ತಿನ ಮೇಲ್ಭಾಗದ ಮೂಳೆಗಳ ಸಂಧಿ ಸಡಿಲವಾಗಿರುವವರು ಕೊಳಕ್ಕೆ ಧುಮುಕುವುದನ್ನೂ ಕತ್ತು ಜೋರಾಗಿ ಬಾಗಿಸುವ ಬಟರ್‌ಫ್ಲೈ ಶೈಲಿಯನ್ನೂ ದೂರವಿಡಬೇಕು.

ಅಪಸ್ಮಾರ: ಫಿಟ್ಸ್ ಹತೋಟಿಯಲ್ಲಿದ್ದರೂ ಒಬ್ಬಂಟಿಯಾಗಿ ನೀರಿಗಿಳಿಸಬಾರದು. ಆ ಒಬ್ಬರ ಮೇಲೆಯೇ ಕಣ್ಣಿಟ್ಟಿರುವ, ಈಜು ಬಲ್ಲ ವ್ಯಕ್ತಿ ಕೈಗೆಟುಕುವ ದೂರದಲ್ಲಿರಬೇಕು. ಔಷಧಿ ತಪ್ಪಿದ ದಿನ, ನಿದ್ದೆಗೆಟ್ಟ ದಿನ, ಜ್ವರವಿರುವ ದಿನ ಕೊಳಕ್ಕೆ ರಜೆ.

ಸ್ಪೈನಾ ಬೈಫಿಡಾ ಮತ್ತು ಬೆನ್ನುಹುರಿ ಪೆಟ್ಟು: ಪಾದಗಳಲ್ಲಿ ಸ್ಪರ್ಶಜ್ಞಾನ ಇಲ್ಲದವರಿಗೆ ಕೊಳದ ತಳ ಉಜ್ಜಿ ಗಾಯವಾದರೂ ತಿಳಿಯುವುದಿಲ್ಲ. ನೀರಿನ ಪಾದರಕ್ಷೆ ತೊಡಿಸಿ, ಹೊರಬಂದ ಮೇಲೆ ಚರ್ಮ ಪರೀಕ್ಷಿಸಬೇಕು. ಸ್ಪೈನಾ ಬೈಫಿಡಾ ಇರುವವರಲ್ಲಿ ಲ್ಯಾಟೆಕ್ಸ್ ರಬ್ಬರಿನ ಅಲರ್ಜಿ ಹೆಚ್ಚು. ಈಜುಟೋಪಿ, ರಬ್ಬರ್ ಪಟ್ಟಿಗಳನ್ನು ಆರಿಸುವಾಗ ಎಚ್ಚರವಿರಲಿ. ನೀರಿಗಿಳಿಯುವ ಮುನ್ನ ಮೂತ್ರ ಖಾಲಿ ಮಾಡಿಸುವುದು ಅಗತ್ಯ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಹಠಾತ್ ತಲೆನೋವು ಬಂದು ಮುಖ ಕೆಂಪೇರಿ ಬೆವರಿದರೆ ರಕ್ತದೊತ್ತಡ ಏರಿದೆ ಎಂದರ್ಥ. ತಕ್ಷಣ ಹೊರತಂದು ನೇರವಾಗಿ ಕೂರಿಸಿ ವೈದ್ಯರ ನೆರವು ಪಡೆಯಬೇಕು.

ಸ್ನಾಯುಕ್ಷಯ: ಡುಶೆನ್ ಮಾದರಿಯ ಸ್ನಾಯುಕ್ಷಯ ಇರುವವರಿಗೆ ಬಿರುಸಿನ ವ್ಯಾಯಾಮ ಸಲ್ಲದು. ದಣಿಸುವ ಶ್ರಮ ಸ್ನಾಯುಗಳಿಗೆ ಹಾನಿ ಮಾಡಬಲ್ಲದು. ಇವರಿಗೆ ನೀರಿನಲ್ಲಿ ಮೃದುವಾದ ಚಲನೆಯೇ ಹಿತ.

ಆಟಿಸಂ: ಅನೇಕ ಮಕ್ಕಳಿಗೆ ನೀರೆಂದರೆ ಸೆಳೆತ, ಅಪಾಯದ ಅರಿವು ಕಡಿಮೆ. ಪ್ರತಿದಿನ ಒಂದೇ ಕ್ರಮ, ಒಂದೇ ಜಾಗ, ಚಿತ್ರಗಳಲ್ಲಿ ಬರೆದ ಪಾಠದ ಪಟ್ಟಿ ಸಹಾಯಕ. ಜೋರಾದ ಸೀಟಿ, ಸ್ಪೀಕರ್ ಹಾಡು ಕೆಲವರನ್ನು ಕಂಗೆಡಿಸುತ್ತವೆ.

ದೃಷ್ಟಿ ಮತ್ತು ಶ್ರವಣ ದೋಷ: ಕಾಣದವರಿಗೆ ಲೇನ್ ಹಗ್ಗವೇ ದಾರಿ, ಗೋಡೆ ಹತ್ತಿರವಾದಾಗ ಮೃದುವಾದ ತುದಿಯ ಕೋಲಿನಿಂದ ಮುಟ್ಟಿ ಸೂಚಿಸುವುದು ಸ್ಪರ್ಧೆಗಳಲ್ಲೂ ಇರುವ ಪದ್ಧತಿ. ಕೇಳದವರು ಶ್ರವಣ ಸಾಧನ ತೆಗೆದಿಟ್ಟ ಮೇಲೆ ಕೈಸನ್ನೆ ಅಥವಾ ಬೆಳಕಿನ ಸೂಚನೆ ಬೇಕು.

ನೀರಿನ ಬಿಸಿ, ಬೆಂಗಳೂರಿನ ಚಳಿ

ಜಲಚಿಕಿತ್ಸೆಯ ಕೊಳಗಳಲ್ಲಿ ನೀರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬಿರುಸಿನ ವ್ಯಾಯಾಮಕ್ಕೆ ಇಷ್ಟು ಬಿಸಿ ಒಳ್ಳೆಯದಲ್ಲ, ಮೈ ಬಿಸಿ ಹೊರಹೋಗದೆ ಆಯಾಸವಾಗುತ್ತದೆ. ಸ್ಪರ್ಧೆಗಳ ಕೊಳದಲ್ಲಿ 25ರಿಂದ 28 ಡಿಗ್ರಿ ಇರಬೇಕೆಂಬ ನಿಯಮವಿದೆ. ಸ್ನಾಯು ಬಿಗಿತ ಇರುವವರಿಗೆ ಇದು ತುಸು ತಂಪೇ. ಅವರಿಗೆ 28ರಿಂದ 30 ಡಿಗ್ರಿ ಹೊಂದುತ್ತದೆ. ಬಿಸಿ ಮಾಡುವ ವ್ಯವಸ್ಥೆ ಇಲ್ಲದ ತೆರೆದ ಕೊಳಗಳಲ್ಲಿ ಡಿಸೆಂಬರ್, ಜನವರಿಯ ಬೆಳಗು ಇಂಥವರಿಗೆ ಸೂಕ್ತವಲ್ಲ. ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಹೀರುತ್ತದೆ. ಬಿಸಿಲೇರಿದ ಮೇಲಿನ ಸಮಯ, ಅಥವಾ ಫೆಬ್ರವರಿಯಿಂದ ಮೇವರೆಗಿನ ತಿಂಗಳುಗಳಲ್ಲಿ ಆರಂಭಿಸುವುದು ಲೇಸು.

ಕೊಳದವರೆಗಿನ ದಾರಿ

ಹಳೆಯ ಬೆಂಗಳೂರಿಗೆ ಈಜಿನ ಪರಂಪರೆಯೇನೂ ಕಡಿಮೆಯಿಲ್ಲ. ಬಸವನಗುಡಿ ಅಕ್ವಾಟಿಕ್ ಸೆಂಟರ್ 2021ರ ಅಕ್ಟೋಬರ್‌ನಲ್ಲಿ ಹಿರಿಯರ ರಾಷ್ಟ್ರೀಯ ಈಜು ಚಾಂಪಿಯನ್‌ಷಿಪ್‌ಗೆ ಆತಿಥ್ಯ ವಹಿಸಿತ್ತು. ಮಲ್ಲೇಶ್ವರದವರಿಗೆ 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ಆಸುಪಾಸಿನಲ್ಲಿ ಕೊಳಗಳಿವೆ. ಚಾಮರಾಜಪೇಟೆಯಿಂದ ಬಸವನಗುಡಿ ಕೂಗಳತೆಯ ದೂರ.

ಆದರೆ ಗಾಲಿಕುರ್ಚಿಗೆ ಕೂಗಳತೆಯೂ ದೂರವೇ. ಮೆಟ್ರೊ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಮತ್ತು ಸಂಪಿಗೆ ರಸ್ತೆ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ನಿಲ್ದಾಣದಿಂದ ಹೊರಬಿದ್ದ ಮೇಲೆ ಎದುರಾಗುವುದು ಎದ್ದ ಚಪ್ಪಡಿ ಕಲ್ಲು, ಪಾದಚಾರಿ ಮಾರ್ಗದ ಮೇಲಿನ ಟ್ರಾನ್ಸ್‌ಫಾರ್ಮರ್, ಮರದ ಬೇರು, ನಿಲ್ಲಿಸಿದ ಸ್ಕೂಟರು. 1890ರ ದಶಕದಲ್ಲಿ ರೂಪುಗೊಂಡ ಈ ಬಡಾವಣೆಗಳ ಮರದ ನೆರಳಿನ ಬೀದಿಗಳು ನಡೆಯುವವರಿಗೆ ಸೊಗಸು, ಚಕ್ರಗಳಿಗೆ ಅಡಚಣೆ.

ಕೊಳದೊಳಗೆ ಮುಖ್ಯವಾಗಿ ನೋಡಬೇಕಾದುದು ನಾಲ್ಕು. ಬಾಗಿಲಿನಿಂದ ನೀರಿನ ಅಂಚಿನವರೆಗೆ ಮೆಟ್ಟಿಲಿಲ್ಲದ, ಜಾರದ ದಾರಿ. ಕಂಬಿ ಏಣಿಯ ಬದಲು ಇಳಿಜಾರು, ಅಗಲ ಮೆಟ್ಟಿಲು ಅಥವಾ ಎತ್ತಿ ಇಳಿಸುವ ಯಂತ್ರ. ಗಾಲಿಕುರ್ಚಿ ಒಳಹೋಗಿ ತಿರುಗುವಷ್ಟು ಅಗಲದ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ. ಹದಿನಾರರ ಮಗನಿಗೆ ಬಟ್ಟೆ ತೊಡಿಸುವ ತಾಯಿಗೆ ಗಂಡಸರ ಕೋಣೆಯೂ ಹೆಂಗಸರ ಕೋಣೆಯೂ ಒಗ್ಗದು. ಕುಟುಂಬಕ್ಕೆಂದೇ ಒಂದು ಕೋಣೆ ಬೇಕು. ಕೊನೆಯದಾಗಿ, ಕೈಗೆಟುಕುವ ದೂರದಲ್ಲಿ ತರಬೇತಿ ಪಡೆದ ಒಬ್ಬ ಸಹಾಯಕ. ಇದರಲ್ಲಿ ದುಬಾರಿಯಾದದ್ದು ಯಂತ್ರ ಒಂದೇ. ರಬ್ಬರ್ ಹಾಸು, ಹಿಡಿಕಂಬಿ, ಪರದೆ ಹಾಕಿದ ಒಂದು ಕೋಣೆ, ವಾರದಲ್ಲಿ ಗದ್ದಲವಿಲ್ಲದ ಎರಡು ತಾಸು, ಇವನ್ನು ಒದಗಿಸಲು ದೊಡ್ಡ ಯೋಜನೆ ಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 30ನೇ ಕಲಮು ಕ್ರೀಡೆಯಲ್ಲಿ ಪರಿಣಾಮಕಾರಿ ಭಾಗವಹಿಸುವಿಕೆಯನ್ನು ಖಾತರಿಪಡಿಸುವಂತೆ ಸರ್ಕಾರಕ್ಕೆ ಸೂಚಿಸುತ್ತದೆ. ಕ್ರೀಡಾ ಸೌಕರ್ಯಗಳ ಮರುವಿನ್ಯಾಸವೂ ಅದರಲ್ಲಿ ಸೇರಿದೆ. 45ನೇ ಕಲಮಿನ ಪ್ರಕಾರ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಾಲಿ ಇರುವ ಸಾರ್ವಜನಿಕ ಕಟ್ಟಡಗಳೆಲ್ಲವೂ ವಿಕಲಚೇತನರಿಗೆ ಪ್ರವೇಶಯೋಗ್ಯವಾಗಬೇಕಿತ್ತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ.

2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಯೋಗ್ಯತೆಯ ಮಾನದಂಡಗಳು ಕೇವಲ ಸಲಹೆಯ ರೂಪದಲ್ಲಿರುವುದು ಕಾಯಿದೆಯ ಆಶಯಕ್ಕೆ ವಿರುದ್ಧ ಎಂದು ತೀರ್ಪಿತ್ತು, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ವೈಕಲ್ಯದ ಕಾರಣಕ್ಕೆ ಕೊಳದ ಬಾಗಿಲಲ್ಲೇ ಪ್ರವೇಶ ನಿರಾಕರಿಸಿದರೆ ಪೋಷಕರು ಲಿಖಿತ ಕಾರಣ ಕೇಳಬಹುದು. ರಾಜ್ಯದ ವಿಕಲಚೇತನರ ಅಧಿನಿಯಮದ ಆಯುಕ್ತರಿಗೆ ದೂರು ಸಲ್ಲಿಸಬಹುದು.

ನೀರಿನಿಂದ ಎದ್ದವರು

ವಿಕಲಚೇತನರಿಗೆ ಈಜು ಕಲಿಸುವ ವ್ಯವಸ್ಥಿತ ವಿಧಾನವೊಂದು ರೂಪುಗೊಂಡದ್ದು 1949ರಲ್ಲಿ, ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ. ಜೇಮ್ಸ್ ಮ್ಯಾಕ್‌ಮಿಲನ್ ರೂಪಿಸಿದ ಈ ಹತ್ತು ಹಂತಗಳ ಕ್ರಮ ಇಂದಿಗೂ ಬಳಕೆಯಲ್ಲಿದೆ. 1960ರ ರೋಮ್ ಪ್ಯಾರಾಲಿಂಪಿಕ್ಸ್‌ನಿಂದಲೂ ಈಜು ಆ ಕೂಟದ ಭಾಗ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳೀಕಾಂತ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಕೂಟದಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದರು.

ಬೆಂಗಳೂರಿನ ಶರತ್ ಗಾಯಕ್ವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ, 2014ರ ಇಂಚೆನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕ ಗಳಿಸಿದರು. ಸ್ಪೈನಾ ಬೈಫಿಡಾದೊಂದಿಗೆ ಹುಟ್ಟಿದ ಬೆಂಗಳೂರಿನವರೇ ಆದ ನಿರಂಜನ್ ಮುಕುಂದನ್ ಬಾಲ್ಯದಲ್ಲಿ ನೀರಿಗಿಳಿದದ್ದು ಚಿಕಿತ್ಸೆಗೆಂದು, ವೈದ್ಯರ ಸಲಹೆಯ ಮೇರೆಗೆ. ಅವರು 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಸಾಗಿದರು.

ಎಲ್ಲರೂ ಪದಕ ಗೆಲ್ಲಬೇಕಿಲ್ಲ. ಮೆಟ್ಟಿಲು ಹತ್ತುವಾಗ ನಿಲ್ಲದೆ ಹತ್ತುವುದು, ಗಾಲಿಕುರ್ಚಿಯಿಂದ ಹಾಸಿಗೆಗೆ ತಾನೇ ಜರುಗುವುದು, ಕಾಲೇಜಿನಿಂದ ಮರಳಿದ ಮೇಲೂ ಸಂಜೆಗೆ ಒಂದಿಷ್ಟು ತ್ರಾಣ ಉಳಿಯುವುದು, ಇವೇ ದೊಡ್ಡ ಗಳಿಕೆಗಳು.

ಸೇರಿಸುವ ಮೊದಲು

* ಹೃದಯ, ಫಿಟ್ಸ್, ಉಸಿರಾಟ, ಚರ್ಮ, ಔಷಧಿಗಳ ಬಗ್ಗೆ ವೈದ್ಯರಿಂದ ಬರಹದಲ್ಲಿ ಸಲಹೆ ಪಡೆಯಿರಿ.
* ಕೊಳ ಬಿಡುವಿರುವ ವೇಳೆಯಲ್ಲಿ ಒಮ್ಮೆ ಹೋಗಿ ದಾರಿ, ಶೌಚಾಲಯ, ಆಳ, ನೀರಿನ ತಂಪು ನೋಡಿ ಬನ್ನಿ.
* ಜೀವರಕ್ಷಕರು ಇದ್ದಾರೆಯೇ, ತುರ್ತು ಸಂದರ್ಭದಲ್ಲಿ ಮಗುವನ್ನು ಹೊರತೆಗೆಯುವ ಬಗೆ ಹೇಗೆ ಎಂದು ಕೇಳಿ.
* ಮಗುವಿನ ಸನ್ನೆಗಳನ್ನು, ವಿಶೇಷವಾಗಿ ‘ಸಾಕು’ ಎಂಬ ಸನ್ನೆಯನ್ನು, ತರಬೇತುದಾರರಿಗೆ ಮೊದಲೇ ತಿಳಿಸಿ.
* ಎದೆನೋವು, ತಲೆಸುತ್ತು, ತುಟಿ ನೀಲಿಗಟ್ಟುವುದು, ನಿಲ್ಲದ ನಡುಕ ಕಂಡರೆ ತಕ್ಷಣ ನಿಲ್ಲಿಸಿ.
* ಮರುದಿನವೂ ಆಯಾಸ ಇಳಿಯದಿದ್ದರೆ ಮುಂದಿನ ಪಾಠವನ್ನು ಅರ್ಧಕ್ಕಿಳಿಸಿ.

ಮನೆಯವರ ಪ್ರಶ್ನೆ ‘ಸುಸ್ತಾದರೆ?’ ಎಂಬುದಾಗಿತ್ತು. ಸರಿಯಾದ ತಪಾಸಣೆ, ಸರಿಯಾದ ನೀರು, ಪಕ್ಕದಲ್ಲೊಬ್ಬ ಬಲ್ಲವರು ಇದ್ದಾಗ ಸುಸ್ತಾಗುವುದೇ ಈ ಪಾಠದ ಉದ್ದೇಶ. ‘ಯಾರು ಹೊಣೆ?’ ಎಂಬ ಕೊಳದವರ ಪ್ರಶ್ನೆಗೂ ಉತ್ತರ ಅದೇ ಮೂರರಲ್ಲಿದೆ: ತಪಾಸಣೆ ಕುಟುಂಬದ ಕೆಲಸ, ನೀರು ಮತ್ತು ಬಲ್ಲವರನ್ನು ಒದಗಿಸುವುದು ಕೊಳದವರ ಕೆಲಸ.